ಸ್ನಾರ್ಕೆಲ್ ಇತ್ತು, ನೀರು ಕೆಳಗಿನಿಂದ ಬಂತು: ಶ್ರೀರಂಗಪಟ್ಟಣ ಸೀಮೆಯ ಒಂದು ಜಿಪ್ಸಿ ಪ್ರಕರಣ

ಗಾಡಿ ಮತ್ತು ಹಳ್ಳ

ಗಾಡಿ ಮಾರುತಿ ಜಿಪ್ಸಿ: 1.3 ಲೀಟರ್ ಎಂಪಿಎಫ್ಐ ಪೆಟ್ರೋಲ್ ಎಂಜಿನ್ನು, ಮೇಲೆ ಟಾರ್ಪಾಲು, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ಲು, ಲೀಫ್ ಸ್ಪ್ರಿಂಗು. ಮಾಲೀಕರ ತೋಟ ಮತ್ತು ಕೊಟ್ಟಿಗೆ ಲೋಕಪಾವನಿ ನದಿಗೆ ಸೇರುವ ಹಳ್ಳವೊಂದರ ಆಚೆ ದಡದಲ್ಲಿವೆ, ಹಾಲಿನ ಡೈರಿ ಈಚೆ ಊರಿನಲ್ಲಿದೆ. ಅಕ್ಕಪಕ್ಕದ ಮನೆಗಳ ಹಾಲೂ ಸೇರಿ ಬೆಳಿಗ್ಗೆ ಸಂಜೆ 40 ಲೀಟರಿನ ನಾಲ್ಕು ಕ್ಯಾನು ಹಳ್ಳ ದಾಟಬೇಕು. ದಾಟುವ ಜಾಗದಲ್ಲಿ ಸುಮಾರು 30 ಮೀಟರ್ ಉದ್ದದ, ನೆಲಮಟ್ಟದ ಕಾಂಕ್ರೀಟು ದಾರಿಯಿದೆ. ಬೇಸಿಗೆಯಲ್ಲಿ ಒಣಗಿರುತ್ತದೆ, ಮಳೆಗಾಲದಲ್ಲಿ ಮುಳುಗುತ್ತದೆ.

ಈ ಹಳ್ಳಕ್ಕೆ ಎರಡು ಬಗೆಯ ನೀರು ಬರುತ್ತದೆ. ಮೇಲೆ ನಾಗಮಂಗಲ, ಪಾಂಡವಪುರದ ಕಡೆ ಮಳೆ ಸುರಿದು ಕೆರೆಗಳು ಕೋಡಿ ಬಿದ್ದಾಗ ಬರುವ ನೀರಿಗೆ ಆಳ ಕಡಿಮೆ, ಸೆಳೆತ ಜಾಸ್ತಿ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ಕಾವೇರಿಗೆ ನೀರು ಬಿಟ್ಟಾಗ ನಡೆಯುವುದೇ ಬೇರೆ. ಕರಿಘಟ್ಟದ ಬಳಿ ಲೋಕಪಾವನಿ ಕಾವೇರಿಗೆ ಸೇರುವ ಕಡೆ ದೊಡ್ಡ ಹೊಳೆಯೇ ಎದುರೊತ್ತುತ್ತದೆ, ಹಳ್ಳದ ನೀರು ಮುಂದೆ ಹೋಗಲಾರದೆ ಅಲ್ಲೇ ಏರುತ್ತದೆ. ಇದಕ್ಕೆ ಆಳ ಜಾಸ್ತಿ, ಸೆಳೆತ ಇಲ್ಲವೆನ್ನುವಷ್ಟು ಕಡಿಮೆ. ಎರಡನ್ನೂ ಊರವರು ‘ಹಳ್ಳ ಬಂದಿದೆ’ ಎಂದೇ ಹೇಳುತ್ತಾರೆ. ಗಾಡಿಯ ಲೆಕ್ಕದಲ್ಲಿ ಮಾತ್ರ ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಗಾಡಿಗೆ ಆಗಲೇ ಸ್ನಾರ್ಕೆಲ್, ಅಂದರೆ ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಕೊಳವೆ, ಹಾಕಿಸಲಾಗಿತ್ತು. ಅದರ ಬಾಯಿ ಗಾಜಿನ ಮೇಲಂಚಿನವರೆಗೆ ಏರಿತ್ತು. ಹಾಕಿಕೊಟ್ಟವರು ‘ಇನ್ನು ಮೂರಡಿ ನೀರಿಗೂ ಭಯವಿಲ್ಲ’ ಎಂದಿದ್ದರಂತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಿಂದಿನ ಆಕ್ಸಲ್ಲಿನಿಂದ ಗುಂಯ್ ಎನ್ನುವ ಸದ್ದು, ಸ್ಟೀರಿಂಗು ಬಿಗಿತ, ಬೆಳಿಗ್ಗೆ ಮೊದಲ ಸಲ ಗೇರು ಹಾಕಿದಾಗ ಕ್ಲಚ್ಚಿನ ಜಗ್ಗಾಟ ಶುರುವಾದವು. ಈ ಮೂರು ದೂರುಗಳೊಂದಿಗೆ ಗಾಡಿ ಗ್ಯಾರೇಜಿಗೆ ಬಂತು.

ಬಿಚ್ಚಿದಾಗ ಕಂಡದ್ದು

ರಾತ್ರಿಯಿಡೀ ಸಮತಟ್ಟಾಗಿ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ನು ಶುರು ಮಾಡದೆಯೇ ಹಿಂದಿನ ಡಿಫರೆನ್ಶಿಯಲ್ಲಿನ (ಆಕ್ಸಲ್ಲಿನ ನಡುವಿನ ಗೇರು ಪೆಟ್ಟಿಗೆಯ) ಕೆಳ ಬೋಲ್ಟನ್ನು ನಿಧಾನವಾಗಿ ಸಡಿಲಿಸಲಾಯಿತು. ಹೀಗೆ ಮಾಡುವುದಕ್ಕೆ ಕಾರಣವಿದೆ. ಎಣ್ಣೆಗಿಂತ ನೀರು ಭಾರ, ನಿಂತ ಗಾಡಿಯಲ್ಲಿ ತಳಕ್ಕೆ ಇಳಿದಿರುತ್ತದೆ. ಓಡಿಸಿ ಬಂದ ಕೂಡಲೇ ಬಿಚ್ಚಿದರೆ ಎರಡೂ ಕಲಸಿಹೋಗಿ ಎಷ್ಟು ನೀರು ಹೊಕ್ಕಿತ್ತು ಎಂಬುದು ತಿಳಿಯುವುದಿಲ್ಲ. ಇಲ್ಲಿ ಮೊದಲು ಬರಿಯ ನೀರು ಬಂತು, ಆಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಎಣ್ಣೆ. ಬೋಲ್ಟಿನ ಮ್ಯಾಗ್ನೆಟ್ಟಿಗೆ ಕಬ್ಬಿಣದ ಸಣ್ಣ ಚೂರು ಮೆತ್ತಿತ್ತು, ಅಂದರೆ ಬೇರಿಂಗು ಸವೆಯಲು ಶುರುವಾಗಿದೆ.

ಮುಂದಿನ ಡಿಫರೆನ್ಶಿಯಲ್ಲಿನಲ್ಲೂ ನೀರಿತ್ತು, ಪ್ರಮಾಣ ಕಡಿಮೆ. ಎಂಜಿನ್ನಿನ ಎಳೆತವನ್ನು ಎರಡೂ ಆಕ್ಸಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಸ್ವಲ್ಪ ಮಸುಕಾಗಿತ್ತು. ಗೇರ್‌ಬಾಕ್ಸು ಚೆನ್ನಾಗಿತ್ತು. ಮುಂದಿನ ಎರಡೂ ಚಕ್ರಗಳ ನಕಲ್ ಗುಂಡು (ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬಿಚ್ಚಿದಾಗ ಗ್ರೀಸು ಬೂದಿ ಬಣ್ಣಕ್ಕೆ ತಿರುಗಿ ಗಂಜಿಯಂತಾಗಿತ್ತು. ಸ್ಟೀರಿಂಗು ಬಿಗಿಯಾದದ್ದು ಇದರಿಂದ: ಆ ಕೀಲಿನ ಕಿಂಗ್‌ಪಿನ್ ಬೇರಿಂಗು ತುಕ್ಕು ಹಿಡಿದಿತ್ತು. ಕ್ಲಚ್ಚಿನ ಹೊರಕವಚವಾದ ಬೆಲ್ ಹೌಸಿಂಗಿನ ತಳದಲ್ಲಿ ಒಣಗಿದ ಹೂಳು, ಕ್ಲಚ್ಚಿನ ಪ್ರೆಶರ್ ಪ್ಲೇಟಿನ ಮೇಲೆ ತೆಳುವಾದ ತುಕ್ಕು.

ಎಲ್ಲಕ್ಕಿಂತ ಗಾಬರಿ ಹುಟ್ಟಿಸಿದ್ದು ಏರ್ ಫಿಲ್ಟರ್. ಅದರ ಕೆಳ ಅಂಚಿನಲ್ಲಿ ಕೆಸರಿನ ಗೆರೆಯಿತ್ತು. ಸ್ನಾರ್ಕೆಲ್ಲಿನ ಬಾಯಿ ನೀರಿನ ಹತ್ತಿರಕ್ಕೂ ಹೋಗಿರಲಿಲ್ಲ. ಆದರೂ ಎಂಜಿನ್ನಿನ ಉಸಿರಿನ ದಾರಿಯಲ್ಲಿ ನೀರು.

ಎಲ್ಲಿಂದ ಹೊಕ್ಕಿತು

ಫಿಲ್ಟರ್ ಡಬ್ಬಿಯ ತಳದಲ್ಲಿ ಮಳೆಹನಿ ಹೊರಹೋಗಲೆಂದು ಸಣ್ಣ ತೂತು ಇರುತ್ತದೆ. ಸಾಧಾರಣ ಓಡಾಟಕ್ಕೆ ಅದು ಬೇಕೇ ಬೇಕು. ಸ್ನಾರ್ಕೆಲ್ ಹಾಕಿದ ಮೇಲೆ ಅದನ್ನು ಮುಚ್ಚದಿದ್ದರೆ ಮೇಲೇರಿಸಿದ ಕೊಳವೆ ಬರೀ ಅಲಂಕಾರ. ಎಂಜಿನ್ನು ಎಳೆಯುವುದು ಹತ್ತಿರದ ದಾರಿಯಿಂದ, ಆ ದಾರಿ ಬಾನೆಟ್ಟಿನ ಕೆಳಗೇ ಇದೆ. ಈ ಗಾಡಿಯಲ್ಲಿ ಕೊಳವೆಯೂ ಡಬ್ಬಿಯೂ ಕೂಡುವ ಕಡೆ ಕ್ಲಿಪ್ ಕೂಡ ಸಡಿಲವಿತ್ತು.

ಎಂಜಿನ್ನು ಉಳಿದದ್ದು ಅದೃಷ್ಟ. ಲೆಕ್ಕ ನೋಡಿ: 1298 ಸಿಸಿ, ನಾಲ್ಕು ಸಿಲಿಂಡರು, ಒಂದೊಂದಕ್ಕೆ 325 ಸಿಸಿ. ಕಂಪ್ರೆಷನ್ ಅನುಪಾತ 9ರ ಆಸುಪಾಸು ಎಂದರೆ ಪಿಸ್ಟನ್ ಮೇಲ್ತುದಿಗೆ ಬಂದಾಗ ಉಳಿಯುವ ಜಾಗ ಸುಮಾರು 40 ಮಿ.ಲೀ. ಮಾತ್ರ. ಅಷ್ಟು ನೀರು ಒಂದು ಸಿಲಿಂಡರಿಗೆ ಹೋದರೆ ಸಾಕು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಬಾಗುವುದು ಕನೆಕ್ಟಿಂಗ್ ರಾಡು. ಡೀಸೆಲ್ ಎಂಜಿನ್ನಿನಲ್ಲಿ ಅನುಪಾತ ಇನ್ನೂ ಹೆಚ್ಚಿರುವುದರಿಂದ ಅಷ್ಟೇ ಗಾತ್ರದ ಸಿಲಿಂಡರಿಗೆ ಇದರ ಅರ್ಧದಷ್ಟು ನೀರೂ ಸಾಕು.

ಆಕ್ಸಲ್ಲಿನ ವಿಷಯ ಬೇರೆ. ಅಲ್ಲಿಗೆ ನೀರು ತಾನಾಗಿ ನುಗ್ಗಲಿಲ್ಲ, ಆಕ್ಸಲ್ಲೇ ಹೀರಿತು. ಓಡಿ ಬಂದ ಡಿಫರೆನ್ಶಿಯಲ್ಲಿನ ಒಳಗಿನ ಗಾಳಿ 80 ಡಿಗ್ರಿ ಕಾದಿದೆ ಎಂದುಕೊಳ್ಳಿ. ಹಳ್ಳಕ್ಕಿಳಿದು ಅದು 30 ಡಿಗ್ರಿಗೆ ತಣಿದರೆ ಒಳಗಿನ ಒತ್ತಡ ಶೇಕಡ 14ರಷ್ಟು ಇಳಿಯುತ್ತದೆ. ಇದು ಸುಮಾರು 1.4 ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಹೊರಗಿರುವುದು ಮಂಡಿಯುದ್ದದ ನೀರೇ ಆದರೂ, ಸೀಲಿನ ಪಾಲಿಗೆ ಆಳುದ್ದದ ನೀರಿಗೆ ಇಳಿಸಿದಂತೆಯೇ. ಆಯಿಲ್ ಸೀಲಿನ ತುಟಿ ಒಳಗಿನ ಎಣ್ಣೆ ಹೊರಬಾರದಂತೆ ಮಾಡಿದ್ದು, ಹೊರಗಿನದು ಒಳಬಾರದಂತೆ ಅಲ್ಲ. ಆಕ್ಸಲ್ಲಿನ ಗಾಳಿ ಆಡುವ ಕಂಡಿಯಾದ ಬ್ರೀದರ್ ತೆರೆದಿದ್ದರೆ ಅದರಿಂದಲೇ ನೀರು ಎಳೆಯುತ್ತದೆ, ಕೆಸರು ಕಟ್ಟಿ ಮುಚ್ಚಿದ್ದರೆ ಸೀಲಿನಿಂದ ಎಳೆಯುತ್ತದೆ. ಈ ಗಾಡಿಯ ಹಿಂದಿನ ಬ್ರೀದರ್ ಮುಚ್ಚಳ ಗದ್ದೆಯ ಕೆಸರಿನಿಂದ ಕಲ್ಲಾಗಿ ಹೋಗಿತ್ತು.

ಹಾಗಾಗಿ ‘ಸ್ನಾರ್ಕೆಲ್ ಎಷ್ಟು ಎತ್ತರ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದರೂ ಗಾಡಿ ಎಷ್ಟು ನೀರು ತಡೆಯುತ್ತದೆ ಎಂಬುದು ತಿಳಿಯುವುದಿಲ್ಲ. ಮುಚ್ಚದೆ ಬಿಟ್ಟ ತೂತುಗಳಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಯಾವುದೋ, ಗಾಡಿಯ ಮಿತಿ ಅಷ್ಟೇ. ಇಲ್ಲಿ ಅದು ನೆಲದಿಂದ ಒಂದೂವರೆ ಅಡಿಯೊಳಗೇ ಇತ್ತು.

ಒಳಗಿನ ನೀರು ತೆಗೆಯುವ ಕೆಲಸ

ಈ ಜಿಪ್ಸಿಗೆ ಬೇಕಾಗುವ ಎಣ್ಣೆ: ಮುಂದಿನ ಡಿಫರೆನ್ಶಿಯಲ್ಲಿಗೆ 2 ಲೀಟರ್, ಹಿಂದಿನದಕ್ಕೆ 1.5, ಗೇರ್‌ಬಾಕ್ಸಿಗೆ 1.3, ಟ್ರಾನ್ಸ್‌ಫರ್ ಕೇಸಿಗೆ 0.8. ಒಟ್ಟು 5.6 ಲೀಟರ್. ಗೇರ್‌ಬಾಕ್ಸು ಬಿಟ್ಟು ಉಳಿದ ಮೂರಕ್ಕೂ ಎರಡು ಸಲ ಎಣ್ಣೆ ಬದಲಾಯಿಸಲಾಯಿತು. ಮೊದಲ ಸಲ ಅಗ್ಗದ 80ಡಬ್ಲ್ಯು-90 ಗೇರ್ ಎಣ್ಣೆ ಹಾಕಿ, ಎಣ್ಣೆ ಚೆನ್ನಾಗಿ ಬಿಸಿಯಾಗುವಂತೆ ಹೆದ್ದಾರಿಯಲ್ಲಿ 15 ಕಿ.ಮೀ. ಓಡಿಸಿ, ಬಿಸಿಯಿರುವಾಗಲೇ ಸುರಿದು, ಆಮೇಲೆ ಒಳ್ಳೆಯ ಜಿಎಲ್-5 ದರ್ಜೆಯ ಎಣ್ಣೆ. ಮಟ್ಟದ ತೂತಿನಿಂದ ಎಣ್ಣೆ ಜಿನುಗುವವರೆಗೆ ತುಂಬಬೇಕು, ಲೀಟರಿನ ಲೆಕ್ಕ ತರಿಸಿಡುವುದಕ್ಕೆ ಮಾತ್ರ.

ಸೀಮೆಎಣ್ಣೆಯಿಂದಲೋ ಡೀಸೆಲ್ಲಿನಿಂದಲೋ ತೊಳೆಯುವ ರೂಢಿ ನಮ್ಮ ಕಡೆ ಇನ್ನೂ ಇದೆ. ಬಿಚ್ಚಿಟ್ಟ ಬಿಡಿಭಾಗಕ್ಕೆ ಅದು ಸರಿ. ಜೋಡಿಸಿದ ಆಕ್ಸಲ್ಲಿಗೆ ಬೇಡ. ಕೊಳವೆಯ ಮೂಲೆಗಳಲ್ಲಿ ಉಳಿದುಬಿಡುತ್ತದೆ, ಹೊಸ ಎಣ್ಣೆಯನ್ನು ತೆಳುಮಾಡುತ್ತದೆ, ಬೇರಿಂಗಿನ ಮೇಲಿನ ಕೊನೆಯ ಪದರವನ್ನೂ ತೊಳೆದುಬಿಡುತ್ತದೆ.

ಹಿಂದಿನ ಆಕ್ಸಲ್ಲಿನ ಎರಡು ಬೇರಿಂಗು, ಎರಡೂ ಕಡೆಯ ಸೀಲು, ಮುಂದೆ ನಾಲ್ಕು ಕಿಂಗ್‌ಪಿನ್ ಬೇರಿಂಗು, ನಕಲ್ ಸೀಲಿನ ಸೆಟ್ಟು ಬದಲಾದವು. ಗ್ರೀಸಿನ ಬಗ್ಗೆ ಒಂದು ಮಾತು: ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಸಾಧಾರಣ ಲಿಥಿಯಂ ಗ್ರೀಸು ನೀರಿನಲ್ಲಿ ಬೇಗ ತೊಳೆದು ಹೋಗುತ್ತದೆ. ನೀರಿನ ಗಾಡಿಗೆ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸು, ಎನ್‌ಎಲ್‌ಜಿಐ 2 ದರ್ಜೆಯ ಗಟ್ಟಿತನದ್ದು ಉತ್ತಮ. ಹಳೆಯದನ್ನು ಪೂರ್ತಿ ತೊಳೆದು ಒರೆಸಿ ಹಾಕಬೇಕು. ಎರಡು ಜಾತಿಯ ಗ್ರೀಸು ಬೆರೆತರೆ ಎರಡೂ ನೀರಾಗುವ ಸಂಭವವಿದೆ. ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಸೇರಿಸುವ, ಬಿಡಿಸುವ ಫ್ರೀವೀಲ್ ಹಬ್ಬಿನ ಒಳಗೆ ಮಾತ್ರ ತೆಳುವಾಗಿ ಸವರಿದರೆ ಸಾಕು. ಅಲ್ಲಿ ಗ್ರೀಸು ಗಿಡಿದರೆ ಲಾಕು ಕೂರುವುದಿಲ್ಲ, ಹಳ್ಳದ ನಡುವೆ ಮುಂದಿನ ಚಕ್ರ ಎಳೆಯುತ್ತಿಲ್ಲ ಎಂದು ತಿಳಿಯುತ್ತದೆ.

ಬ್ರೀದರ್ ಮೇಲೇರಿಸಿದ್ದು

ಇಡೀ ಕೆಲಸದಲ್ಲಿ ಅತಿ ಅಗ್ಗದ್ದೂ ಅತಿ ಮುಖ್ಯವಾದದ್ದೂ ಇದೇ. ಮೂರು ಬ್ರೀದರ್ ಬಿಚ್ಚಿ ಲೇತ್ ಅಂಗಡಿಗೆ ಕೊಟ್ಟು, ಅದೇ ತಿರುಪಿನ ಹಿತ್ತಾಳೆ ನಿಪ್ಪಲ್ ಮಾಡಿಸಲಾಯಿತು. ಆಕ್ಸಲ್ ಎರಡಕ್ಕೂ ಟ್ರಾನ್ಸ್‌ಫರ್ ಕೇಸಿಗೂ ಬೇರೆ ಬೇರೆ ಕೊಳವೆ, ಒಳವ್ಯಾಸ 6 ಮಿ.ಮೀ. ಆಕ್ಸಲ್ಲಿನಿಂದ ಚಾಸಿಗೆ ಬರುವವರೆಗೆ ಪೆಟ್ರೋಲ್ ತಡೆಯುವ ರಬ್ಬರ್ ಹೋಸು, ಅಲ್ಲಿಂದ ಮೇಲಕ್ಕೆ ಕಂಪ್ರೆಸರಿಗೆ ಹಾಕುವ ಪಿಯು ಪೈಪು. ಬರೀ ಪಿಯು ಪೈಪೇ ಹಾಕಿದರೆ ಸ್ಪ್ರಿಂಗು ಏರಿಳಿದು ನಿಪ್ಪಲ್ಲಿನ ಬುಡದಲ್ಲಿ ಮುರಿಯುತ್ತದೆ.

ಉದ್ದ ಅಳೆಯುವಾಗ ಗಾಡಿಯನ್ನು ಚಾಸಿಯಿಂದ ಜಾಕಿಯಲ್ಲಿ ಎತ್ತಿ, ಆಕ್ಸಲ್ಲು ಪೂರ್ತಿ ಕೆಳಗೆ ಜೋತುಬಿದ್ದಿರುವಾಗ ಅಳೆದು, ಮೇಲೆ 10 ಸೆಂ.ಮೀ. ಹೆಚ್ಚು ಬಿಡಬೇಕು. ನಿಂತ ಗಾಡಿಯಲ್ಲಿ ಅಳೆದದ್ದು ಮೊದಲ ಗುಂಡಿಯಲ್ಲೇ ಕಿತ್ತುಬರುತ್ತದೆ. ಸೈಲೆನ್ಸರಿನಿಂದ ಒಂದು ಗೇಣು ದೂರ. ದಾರಿಯಲ್ಲಿ ಎಲ್ಲೂ ಕೆಳಕ್ಕೆ ಬಾಗಿ ಮತ್ತೆ ಏರಬಾರದು. ಆ ಬಾಗಿನಲ್ಲಿ ಎಣ್ಣೆಯ ಹನಿ ನಿಂತು ಬಿರಡೆಯಾಗುತ್ತದೆ, ಬ್ರೀದರ್ ಇದ್ದೂ ಇಲ್ಲದಂತೆ. ಮೂರೂ ಕೊಳವೆಯ ತುದಿ ಬಾನೆಟ್ಟಿನ ಒಳಗೆ, ಕ್ಯಾಬಿನ್ನಿಗೆ ಅಡ್ಡವಿರುವ ತಗಡಿನ ಗೋಡೆಯಾದ ಫೈರ್‌ವಾಲಿನ ಮೇಲಂಚಿಗೆ ಬಂದು, ಅಲ್ಲಿ ಸಣ್ಣ ಫಿಲ್ಟರಿಗೆ ಸೇರಿವೆ. ಎಂಜಿನ್ನಿನ ಬ್ರೀದರನ್ನು ಇವುಗಳ ಜೊತೆ ಸೇರಿಸಿಲ್ಲ. ಅದರ ಆವಿಯೂ ಎಳೆತವೂ ಬೇರೆ.

ಪೆಟ್ರೋಲ್ ಟ್ಯಾಂಕಿಗೂ ಉಸಿರಿನ ದಾರಿಯಿದೆ. ಪೆಟ್ರೋಲ್ ಆವಿ ಹಿಡಿಯುವ ಚಾರ್ಕೋಲ್ ಡಬ್ಬಿಯ ಗಾಳಿ ಬಾಯಿ ಕೆಳಗಿದ್ದರೆ ಅದರ ಹೋಸನ್ನೂ ಇದೇ ಎತ್ತರಕ್ಕೆ ತರಬೇಕು. ಪೆಟ್ರೋಲಿಗೆ ನೀರು ಸೇರಿ ಮಿಸ್ಸಿಂಗ್ ಹೊಡೆಯುವ ಎಷ್ಟೋ ಗಾಡಿಗಳಲ್ಲಿ ಬಂಕಿನವರ ಮೇಲೆ ಬೀಳುವ ಅನುಮಾನ ಇಲ್ಲಿಗೆ ಸೇರಬೇಕಾದ್ದು.

ಗಾಳಿಯ ದಾರಿ

ಫಿಲ್ಟರ್ ಡಬ್ಬಿಯ ತೂತಿಗೆ ರಬ್ಬರ್ ಬಿರಡೆ, ಮೇಲೆ ಸೀಲೆಂಟು. ಡಬ್ಬಿಯ ಮುಚ್ಚಳದ ಸುತ್ತ ಹೊಸ ರಬ್ಬರ್ ಪಟ್ಟಿ. ಕೂಡುವ ಕಡೆಯೆಲ್ಲ ಅಗಲ ಪಟ್ಟಿಯ ಹೋಸ್ ಕ್ಲಿಪ್. ಆಮೇಲೆ ಪರೀಕ್ಷೆ: ಎಂಜಿನ್ನು ಐಡಲಿನಲ್ಲಿ ಓಡುತ್ತಿರುವಾಗ ಸ್ನಾರ್ಕೆಲ್ಲಿನ ಬಾಯಿಗೆ ಟ್ಯೂಬಿನ ರಬ್ಬರ್ ಹೊದಿಸಿದ ಹಲಗೆ ಒತ್ತಿ ಹಿಡಿಯುವುದು. ಕೆಲವು ಸೆಕೆಂಡಿನಲ್ಲಿ ಉಸಿರುಗಟ್ಟಿ ಎಂಜಿನ್ನು ನಿಲ್ಲಬೇಕು. ಮೊದಲ ಸಲ ಇದು ಸ್ವಲ್ಪ ತೊದಲಿ ಓಡುತ್ತಲೇ ಇತ್ತು. ಕಿವಿಗೊಟ್ಟು ಹುಡುಕಿದಾಗ ಸ್ನಾರ್ಕೆಲ್ಲು ಫೆಂಡರಿನ ಒಳಕ್ಕೆ ಹೋಗುವ ಬಾಗಿನಲ್ಲಿ ಬಿರುಕು ಸಿಕ್ಕಿತು. ಸ್ನಾರ್ಕೆಲ್ ಕೊಂಡವರು ಎಲ್ಲಿ ಹಾಕಿಸಿದರೂ ಈ ಪರೀಕ್ಷೆ ಮಾಡಿಸದೆ ಗಾಡಿ ತೆಗೆದುಕೊಂಡು ಬರಬಾರದು.

ಒಂದು ಜವಾಬ್ದಾರಿಯೂ ಜೊತೆಗೆ ಬಂತು. ತಳದ ತೂತು ಮುಚ್ಚಿದ ಮೇಲೆ ಸ್ನಾರ್ಕೆಲ್ಲಿನಿಂದ ಇಳಿದ ಮಳೆನೀರು ಡಬ್ಬಿಯಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡಬೇಕು.

ಕರೆಂಟು, ಫ್ಯಾನು, ಕ್ಲಚ್ಚು

ಕಾಯಿಲ್, ಪ್ಲಗ್ ವೈರಿನ ಬೂಟುಗಳ ಒಳಗೆ ಸಿಲಿಕಾನ್ ಡೈಎಲೆಕ್ಟ್ರಿಕ್ ಗ್ರೀಸು. ಕಾರ್ಬುರೇಟರ್ ಕಾಲದ ಜಿಪ್ಸಿಯಾದರೆ ಡಿಸ್ಟ್ರಿಬ್ಯೂಟರ್ ಮುಚ್ಚಳಕ್ಕೂ ಬೇಕು. ಬಾನೆಟ್ಟಿನ ಕೆಳಗಿನ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ, ಒಣಗಿಸಿ, ಅದೇ ಗ್ರೀಸು ಹಚ್ಚಿ ಕೂರಿಸಲಾಯಿತು. ಈ ಗಾಡಿಯ ಎರಡು ಕನೆಕ್ಟರಿಗೆ ಯಾರೋ ಹಿಂದೆ ಸಿಲಿಕಾನ್ ಗಮ್ ತುಂಬಿದ್ದರು, ಒಳಗಿನ ಪಿನ್ನು ಹಸಿರು ತಿರುಗಿ ತಿಂದುಹೋಗಿದ್ದವು. ವಿನಿಗರ್ ವಾಸನೆ ಬರುವ ಗಮ್ ಒಣಗುವಾಗ ಆಮ್ಲ ಬಿಡುತ್ತದೆ, ಅದು ತಾಮ್ರಕ್ಕೆ ವಿಷ. ಕರೆಂಟಿನ ಹತ್ತಿರ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನೇ ಬಳಸಬೇಕು.

ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಕನೆಕ್ಟರನ್ನು ಮೇಲೆ ಕಟ್ಟಲಾಯಿತು, ಅದಕ್ಕೆ ಗ್ರೀಸು ತುಂಬಲಿಲ್ಲ. ಆ ಜಾತಿಯ ಸೆನ್ಸರು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ತನ್ನ ವೈರಿನ ಉದ್ದಕ್ಕೂ ಎಳೆದುಕೊಳ್ಳುತ್ತದೆ. ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಕ್ಯಾಬಿನ್ನಿನ ಒಳಗೆ ಇರುವುದರಿಂದ ಅದರ ಎತ್ತರವನ್ನು ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಲಾಯಿತು. ಈ ಅಂಕಿ ಮುಂದೆ ಕೆಲಸಕ್ಕೆ ಬರುತ್ತದೆ. ಸೆಲ್ಫ್ ಮೋಟಾರು, ಡೈನಮೋ ಎರಡನ್ನೂ ನೀರಿನಿಂದ ಪೂರ್ತಿ ಕಾಪಾಡುವ ದಾರಿಯಿಲ್ಲ. ಹೂಳು ಬ್ರಷ್ಷು ತಿನ್ನುತ್ತದೆ, ಮಳೆಗಾಲ ಮುಗಿದ ಮೇಲೆ ಬಿಚ್ಚಿ ತೊಳೆಸುವ ಖರ್ಚನ್ನು ಮೊದಲೇ ಒಪ್ಪಿಕೊಳ್ಳಬೇಕು.

ಬೆಲ್ಟ್ ಫ್ಯಾನು ತಲೆನೋವು. ಓಡುವ ಫ್ಯಾನಿಗೆ ನೀರು ಸಿಕ್ಕಿದರೆ ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊರೆಯುತ್ತದೆ. ‘ಬೆಲ್ಟು ಬಿಚ್ಚಿ ದಾಟಿ’ ಎನ್ನುವ ಸಲಹೆ ಇಲ್ಲಿ ಸಲ್ಲದು. ವಾಟರ್ ಪಂಪೂ ಡೈನಮೋವೂ ಅದೇ ಬೆಲ್ಟಿನ ಮೇಲಿವೆ, ಹಾಲಿನ ಗಾಡಿಯವರು ದಿನಕ್ಕೆ ನಾಲ್ಕು ಸಲ ಬೆಲ್ಟು ಬಿಚ್ಚಿ ಕಟ್ಟುವುದೂ ಇಲ್ಲ. ಬದಲಿಗೆ ಮುಂದೆ ಟಾರ್ಪಾಲಿನ ಪರದೆ: ಬಾನೆಟ್ಟಿನ ಅಂಚಿನಿಂದ ಬಂಪರಿನ ಕೆಳಗೆ ಹಾದು ಚಾಸಿಗೆ ಬಿಗಿಯುವಷ್ಟು ಉದ್ದ, ಗ್ರಿಲ್ಲಿನ ಅಗಲ ಪೂರ್ತಿ ಮುಚ್ಚುವಷ್ಟು ಅಗಲ, ನಾಲ್ಕು ಮೂಲೆಗೆ ಕೊಕ್ಕೆ ಮತ್ತು ಟ್ಯೂಬಿನ ರಬ್ಬರು. ಗಾಡಿ ಮುಂದೆ ಚಲಿಸುತ್ತಿರುವಾಗ ಪರದೆ ನೀರನ್ನು ಮುಂದೆ ತಳ್ಳಿ ಅಲೆ ಎಬ್ಬಿಸುತ್ತದೆ, ಹಿಂದೆ ಎಂಜಿನ್ನಿನ ಜಾಗದಲ್ಲಿ ನೀರಿನ ಮಟ್ಟ ಕೆಳಗಿರುತ್ತದೆ. ನಿಂತರೆ ಕೆಲವೇ ಕ್ಷಣಗಳಲ್ಲಿ ಮಟ್ಟ ಸಮವಾಗುತ್ತದೆ. ಹಿಂದಕ್ಕೆ ತೆಗೆದರಂತೂ ಪರದೆಯೇ ಬಕೆಟ್ಟಾಗುತ್ತದೆ. ದಡ ಹತ್ತಿದ ಕೂಡಲೇ ಬಿಚ್ಚಬೇಕು, ಇಲ್ಲವಾದರೆ ಎಂಜಿನ್ನು ಕಾಯುತ್ತದೆ.

ಬೆಲ್ ಹೌಸಿಂಗಿನ ತಳದ ತೂತಿಗೆ ತಿರುಪಿರುವ ಬಿರಡೆ ಮಾಡಿಸಲಾಯಿತು. ಅದನ್ನು ಹಳ್ಳ ಬಂದ ದಿನಗಳಲ್ಲಿ ಮಾತ್ರ ಹಾಕಿ, ಸಂಜೆ ತೆಗೆಯಬೇಕು. ಕಾಯಂ ಮುಚ್ಚಿಟ್ಟರೆ ಕ್ರ್ಯಾಂಕಿನ ಹಿಂದಿನ ಸೀಲು ಎಂದಾದರೂ ಜಿನುಗಿದಾಗ ಎಣ್ಣೆ ಹೊರಗೆ ಕಾಣಿಸದೆ ಕ್ಲಚ್ ಪ್ಲೇಟಿಗೇ ಹೋಗುತ್ತದೆ.

ಎಷ್ಟು ನೀರು: ತೇಲುವ ಲೆಕ್ಕ

ಇಷ್ಟೆಲ್ಲ ಮುಗಿದ ಮೇಲೆ ಮಾಲೀಕರ ನಿರೀಕ್ಷೆ ಮತ್ತೆ ಮೂರಡಿಗೇ ನಿಂತಿತ್ತು. ಇಲ್ಲಿ ಗಾಡಿಯ ತಯಾರಿ ಮುಗಿದು ನೀರಿನ ಲೆಕ್ಕ ಶುರುವಾಗುತ್ತದೆ. ಗಾಡಿ ಎಷ್ಟು ಚೆನ್ನಾಗಿ ಮುಚ್ಚಿದೆಯೋ ಅಷ್ಟು ಬೇಗ ತೇಲುತ್ತದೆ.

ಟಾರ್ಪಾಲಿನ ಜಿಪ್ಸಿಯ ತೂಕ 985 ಕೆ.ಜಿ., ಡ್ರೈವರ್ ಸೇರಿ 1055 ಎನ್ನೋಣ. ಈ ಗಾಡಿಯ ಕ್ಯಾಬಿನ್ ತಳ ನೆಲದಿಂದ 52 ಸೆಂ.ಮೀ. ಎತ್ತರದಲ್ಲಿದೆ. ನೀರು ಅದಕ್ಕಿಂತ ಕೆಳಗಿರುವವರೆಗೆ ಎತ್ತುವುದು ಟಯರು, ಆಕ್ಸಲ್ಲು ಮಾತ್ರ, ಅಂದಾಜು 180 ಕೆ.ಜಿ. ನೆಲದ ಮೇಲೆ 875 ಕೆ.ಜಿ. ಉಳಿಯುತ್ತದೆ. ಪಾಚಿಗಟ್ಟಿದ ಕಾಂಕ್ರೀಟಿನ ಮೇಲೆ ಹಿಡಿತ 0.3, ಅಂದರೆ ನೆಲದ ಮೇಲಿನ ತೂಕದ ಶೇಕಡ 30 ಎಂದು ಹಿಡಿದರೆ ಅಡ್ಡ ತಳ್ಳುವ ನೀರಿಗೆ ಎದುರಾಗಿ ಗಾಡಿ 260 ಕೆ.ಜಿ.ವರೆಗೆ ತಡೆಯುತ್ತದೆ.

50 ಸೆಂ.ಮೀ. ನೀರಿನಲ್ಲಿ ಹರಿವಿಗೆ ಎದುರಾಗುವ ಪಕ್ಕದ ವಿಸ್ತಾರ ಸುಮಾರು ಒಂದು ಚದರ ಮೀಟರ್. ಹರಿವು ಸೆಕೆಂಡಿಗೆ 1 ಮೀಟರ್ ಇದ್ದರೆ ತಳ್ಳುವ ಬಲ 60 ಕೆ.ಜಿ. ಆಸುಪಾಸು. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, 240 ಕೆ.ಜಿ. ಅಂದರೆ ಅಂಚಿಗೆ ಬಂದಾಯಿತು.

ಈಗ 70 ಸೆಂ.ಮೀ. ನೋಡಿ. ತಳದ ಮೇಲೆ 18 ಸೆಂ.ಮೀ. ನೀರು, ಕ್ಯಾಬಿನ್ನಿನ ತಳ ಸುಮಾರು 3 ಚದರ ಮೀಟರ್: ಎತ್ತುವ ಬಲಕ್ಕೆ 540 ಕೆ.ಜಿ. ಹೊಸದಾಗಿ ಸೇರಿತು. ಟಯರು, ಆಕ್ಸಲ್ಲಿನದು 200. ನೆಲದ ಮೇಲೆ ಉಳಿದದ್ದು 315 ಕೆ.ಜಿ., ಹಿಡಿತ 95. ಪಕ್ಕದ ವಿಸ್ತಾರ 1.8 ಚದರ ಮೀಟರಿಗೆ ಏರಿದೆ, ಸೆಕೆಂಡಿಗೆ 1 ಮೀಟರಿನ ಸಾಧಾರಣ ಹರಿವೇ 110 ಕೆ.ಜಿ. ತಳ್ಳುತ್ತದೆ. ಗಾಡಿ ಹೋಯಿತು. ಎಂಜಿನ್ನು ಓಡುತ್ತಲೇ ಇರುತ್ತದೆ, ಸ್ನಾರ್ಕೆಲ್ಲು ಒಣಗಿಯೇ ಇರುತ್ತದೆ.

ಅದೂ ಸಮನಾಗಿ ತೇಲುವುದಿಲ್ಲ. ಎಂಜಿನ್ನಿನ ಜಾಗಕ್ಕೆ ಕೆಳಗಿನಿಂದ ನೀರು ತುಂಬುತ್ತದೆ, ಭಾರವೂ ಅಲ್ಲೇ. ಕ್ಯಾಬಿನ್ನು ಮುಚ್ಚಿದ ತೊಟ್ಟಿ, ಮೊದಲು ಎದ್ದೇಳುವುದು ಹಿಂಭಾಗ. ಹಿಂಭಾಗ ನೀರು ಹರಿದುಹೋಗುವ ಕಡೆಗೆ ತಿರುಗಿ, ಕಾಂಕ್ರೀಟಿನ ಕೆಳ ಅಂಚಿನಿಂದ ಜಾರುತ್ತದೆ. ಆ ಅಂಚಿನ ಬುಡವನ್ನು ನೀರು ಕೊರೆದು ಗುಂಡಿ ಮಾಡಿರುತ್ತದೆ.

ಇನ್ನೊಂದು ಅಂಶ ಮಾಲೀಕರು ಯೋಚಿಸಿರಲಿಲ್ಲ. ಹಾಲು ತುಂಬಿದ ನಾಲ್ಕು ಕ್ಯಾನು ಸೇರಿ 200 ಕೆ.ಜಿ. ಹತ್ತಿರ, ಅದೂ ಹಿಂದಿನ ಆಕ್ಸಲ್ಲಿನ ಮೇಲೆ. ಡೈರಿಗೆ ಹೋಗುವಾಗ ನೆಲ ಕಚ್ಚಿ ದಾಟಿದ ಗಾಡಿ, ಖಾಲಿ ಕ್ಯಾನು ಹೊತ್ತು ವಾಪಸು ಬರುವಾಗ ಅಷ್ಟೇ ನೀರಿನಲ್ಲಿ ಅಲ್ಲಾಡುತ್ತದೆ. ‘ಬೆಳಿಗ್ಗೆ ಇದೇ ನೀರಲ್ಲಿ ಹೋಗಿದ್ದೆ’ ಎಂಬ ಧೈರ್ಯ ಆಗ ಕೆಲಸಕ್ಕೆ ಬಾರದು. ಈಚೆ ದಡದಲ್ಲಿ 50 ಕೆ.ಜಿ.ಯ ನಾಲ್ಕು ಮರಳು ಮೂಟೆ ಇಟ್ಟು, ಬರುವಾಗ ಹಿಂದಿನ ಆಕ್ಸಲ್ಲಿನ ಮೇಲೆ ಹಗ್ಗದಲ್ಲಿ ಬಿಗಿದು ತರುವಂತೆ ಏರ್ಪಾಟಾಯಿತು.

ಕೊನೆಗೆ ನಿಂತ ಮಿತಿ ಹೀಗೆ. ಹರಿಯುವ ನೀರಾದರೆ 45 ಸೆಂ.ಮೀ., ಅದೂ ವೇಗ ಸೆಕೆಂಡಿಗೆ 1 ಮೀಟರಿನೊಳಗಿದ್ದರೆ. ಕಾವೇರಿಯ ಹಿನ್ನೀರು ನಿಂತಿದ್ದರೆ 60, ಆಗ ಕ್ಯಾಬಿನ್ ತಳದ ರಬ್ಬರ್ ಬಿರಡೆಗಳನ್ನು ತೆಗೆದು ಒಳಗೆ ನೀರು ಬರಲು ಬಿಡಬೇಕು. ಕಾಲು ನೆನೆಯುತ್ತದೆ, ಗಾಡಿ ಏಳುವುದಿಲ್ಲ. ಇಸಿಯು ಎತ್ತರ ಅಳೆದಿಟ್ಟದ್ದು ಇದಕ್ಕೇ. ಹಿನ್ನೀರು 60 ದಾಟಿದರೆ ಟ್ರಾಕ್ಟರು. ಕೋಡಿ ನೀರು 45 ದಾಟಿದರೆ ಟ್ರಾಕ್ಟರೂ ಬೇಡ, ಹಾಲು ಆಚೆಯೇ ಇರಲಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಂಥ ಕಡಿದಾದ ಗೋಡೆಯ ಕಾಲುವೆಗೆ ಈ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ, ಅಲ್ಲಿಗೆ ಚಕ್ರ ಇಳಿಸುವ ಮಾತೇ ಇಲ್ಲ.

ಆಳ ನೋಡಲು ಎರಡೂ ದಡದಲ್ಲಿ ಬೇಲಿಯ ಕಲ್ಲುಕಂಬ ನೆಟ್ಟು, ದಾರಿಯ ಅತಿ ತಗ್ಗಿನ ಮಟ್ಟವನ್ನು ಸೊನ್ನೆಯಾಗಿಸಿ 45ಕ್ಕೆ ಹಳದಿ, 60ಕ್ಕೆ ಕೆಂಪು ಪಟ್ಟೆ ಬಳಿಯಲಾಯಿತು. ದಾರಿಯ ಎರಡೂ ಅಂಚಿಗೆ ಕಬ್ಬಿಣದ ಗೂಟ, ನೀರು ಕೆಂಪಾದಾಗ ಅಂಚು ಕಾಣುವುದಿಲ್ಲ. ವೇಗ ನೋಡಲು ದಡದ ಉದ್ದಕ್ಕೆ 10 ಮೀಟರ್ ಅಂತರದಲ್ಲಿ ಎರಡು ಗುರುತು, ಒಂದು ಎಳನೀರು ಬುರುಡೆ. 10 ಸೆಕೆಂಡಿಗಿಂತ ಬೇಗ ತೇಲಿ ಹೋದರೆ ದಾಟುವಂತಿಲ್ಲ.

ದಾಟುವಾಗ

ಹಬ್ ಲಾಕು ದಡದಲ್ಲೇ ಕೈಯಿಂದ ತಿರುಗಿಸಬೇಕು. ಫೋರ್ ವೀಲ್ ಲೋ (ನಾಲ್ಕೂ ಚಕ್ರ ಎಳೆಯುವ, ನಿಧಾನದ ಹಂತ), ಎರಡನೇ ಗೇರು. ಸೀಟ್ ಬೆಲ್ಟು ಬಿಚ್ಚಿ, ಪಕ್ಕದ ಪರದೆ ಎತ್ತಿ ಕಟ್ಟಿ, ಹಿಂದಿನ ಕೊಕ್ಕೆಗೆ ಹಗ್ಗ ಮೊದಲೇ ಸಿಕ್ಕಿಸಿ ಅದರ ತುದಿ ಒಳಗಿಟ್ಟುಕೊಳ್ಳಬೇಕು. ನೀರಿನೊಳಗೆ ಕೊಕ್ಕೆ ಹುಡುಕುವ ಕೆಲಸ ಯಾರಿಗೂ ಬೇಡ. ನಿಧಾನವಾಗಿ ಇಳಿದು, ಅಲೆ ಕಟ್ಟಿದ ಮೇಲೆ ಗಂಟೆಗೆ 5 ಕಿ.ಮೀ. ವೇಗವನ್ನು ಹಿಡಿದಿಡಬೇಕು. 30 ಮೀಟರಿಗೆ ಇಪ್ಪತ್ತು ಚಿಲ್ಲರೆ ಸೆಕೆಂಡು. ನಡುವೆ ಕ್ಲಚ್ಚು ಮುಟ್ಟಿದರೆ ಹೂಳು ಪ್ಲೇಟಿನ ನಡುವೆ ಹೋಗುತ್ತದೆ, ಮತ್ತೆ ಹಿಡಿಯುವ ಖಾತ್ರಿಯಿಲ್ಲ.

ಎಂಜಿನ್ನು ನಿಂತುಹೋದರೆ ಸೆಲ್ಫ್ ಹೊಡೆಯಬಾರದು. ರಾಡು ಬಾಗುವುದು ಬಹಳ ಸಲ ನಿಂತಾಗಲ್ಲ, ಮತ್ತೆ ಶುರು ಮಾಡಲು ಹೋದಾಗ. ಹೊರಗೆ ಎಳೆಸಿ, ನಾಲ್ಕೂ ಪ್ಲಗ್ಗು ಬಿಚ್ಚಿ, ಕಾಯಿಲಿನ ಮತ್ತು ಪೆಟ್ರೋಲ್ ಪಂಪಿನ ಕನೆಕ್ಷನ್ನು ತೆಗೆದು ಆಮೇಲೆ ತಿರುಗಿಸಬೇಕು. ನೀರಿದ್ದರೆ ಪ್ಲಗ್ಗಿನ ತೂತಿನಿಂದ ಚಿಮ್ಮುತ್ತದೆ, ಮುಖ ದೂರವಿರಲಿ.

ವಿಮೆಯ ಬಗ್ಗೆ ಕೂಡ ಮೊದಲೇ ಕೇಳಿಕೊಳ್ಳುವುದು ವಾಸಿ. ನೀರೊಳಗೆ ನಿಂತ ಎಂಜಿನ್ನನ್ನು ಶುರು ಮಾಡಿ ಆದ ನಷ್ಟವನ್ನು ಸಾಧಾರಣ ಪಾಲಿಸಿ ಸಾಮಾನ್ಯವಾಗಿ ಕೊಡುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡನ್ನು ಕುರಿತದ್ದು, ಸ್ನಾರ್ಕೆಲ್ ಹಾಕಿಸುವ ಮುನ್ನ ಆರ್‌ಟಿಒದಲ್ಲಿ ವಿಚಾರಿಸಬೇಕು.

ಮಳೆಗಾಲದ ನಂತರ

ದಡ ಹತ್ತಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ನೂರಿನ್ನೂರು ಮೀಟರ್ ಓಡಿಸಿ ಹಿಂದಿನ ಡ್ರಮ್ಮು ಒಣಗಿಸುವುದು, ರೇಡಿಯೇಟರಿನ ಹೂಳನ್ನು ಒಳಗಿನಿಂದ ಹೊರಕ್ಕೆ ನೀರು ಹೊಡೆದು ತೆಗೆಯುವುದು, ವಾರಕ್ಕೊಮ್ಮೆ ಡಿಫರೆನ್ಶಿಯಲ್ಲಿನ ಮಟ್ಟದ ಬೋಲ್ಟು ಬಿಚ್ಚಿ ಬೆರಳಲ್ಲಿ ಎಣ್ಣೆಯ ಬಣ್ಣ ನೋಡುವುದು ದಿನಚರಿಯಾಯಿತು. ಡ್ರಮ್ಮಿನೊಳಗೆ ಸೇರಿದ ಮರಳು ಲೈನರನ್ನು ಬೇಗ ಸವೆಸುತ್ತದೆ, ಅದಕ್ಕೆ ತಿಂಗಳಿಗೊಮ್ಮೆ ಬಿಚ್ಚಿ ಊದಿಸುವುದೊಂದೇ ಉಪಾಯ.

ಮಳೆಗಾಲ ಮುಗಿದು ಮತ್ತೆ ಬಿಚ್ಚಿದಾಗ ಹಿಂದಿನ ಡಿಫರೆನ್ಶಿಯಲ್ಲು, ಟ್ರಾನ್ಸ್‌ಫರ್ ಕೇಸು ಎರಡರ ಎಣ್ಣೆಯೂ ತಿಳಿಯಾಗಿತ್ತು, ಫಿಲ್ಟರ್ ಡಬ್ಬಿ ಒಣಗಿತ್ತು. ಮುಂದಿನ ಎಡ ನಕಲ್ಲಿನ ಗ್ರೀಸು ಮಾತ್ರ ಮತ್ತೆ ಬೂದಿ ಬಣ್ಣಕ್ಕೆ ತಿರುಗಿತ್ತು. ಕಾರಣ ಸೀಲಲ್ಲ: ಅದು ಉಜ್ಜುವ ಗುಂಡಿನ ಮೈ ಹಳೆಯ ತುಕ್ಕಿನಿಂದ ಕುಳಿಬಿದ್ದಿದೆ, ಹೊಸ ಸೀಲಿನ ತುಟಿಯನ್ನು ಕೆಲವೇ ತಿಂಗಳಲ್ಲಿ ಕೊರೆದುಹಾಕಿದೆ. ಸಾಣೆಕಾಗದದಲ್ಲಿ ಉಜ್ಜಿದರೆ ಕುಳಿ ಹೋಗುವುದಿಲ್ಲ. ಆ ಬದಿಯ ಹೌಸಿಂಗನ್ನು ಒಳ್ಳೆಯ ಮೈಯಿರುವ ಗುಜರಿ ಆಕ್ಸಲ್ಲಿನದರಿಂದ ಬದಲಾಯಿಸುವವರೆಗೆ, ಹಳ್ಳ ಬಂದ ತಿಂಗಳುಗಳಲ್ಲಿ ಎಡ ನಕಲ್ಲಿಗೆ ತಿಂಗಳಿಗೊಮ್ಮೆ ಗ್ರೀಸು ಬದಲಾಯಿಸುವುದೆಂದು ನಿಗದಿಯಾಗಿದೆ.